ಮುಂದಂಚು ಸವೆದ ಕುರ್ಚಿ

ಮುಖ ನೋಡಿ ಮನುಷ್ಯರನ್ನು ಅಳೆಯುವವರು ಬೇಕಾದಷ್ಟು ಜನ ಇದ್ದಾರೆ. ಕುರ್ಚಿಯಕ್ಕನಿಗೆ ಮುಖದ ಮೇಲೆ ನಂಬಿಕೆಯಿಲ್ಲ. ಮುಖಕ್ಕೆ ಪೌಡರ್ ಬಳಿಯಬಹುದು, ನಗು ಅಂಟಿಸಬಹುದು, ಬೇಕೆಂದರೆ ನಾಲ್ಕು ಹನಿ ಕಣ್ಣೀರನ್ನೂ ಇಳಿಸಬಹುದು. ಕೂತು ಎದ್ದ ಜಾಗಕ್ಕೆ ಮಾತ್ರ ಏನನ್ನೂ ಬಳಿಯಲು ಬರುವುದಿಲ್ಲ ಎಂಬುದು ಅವಳ ಸಿದ್ಧಾಂತ. ಹಾಗಾಗಿ ಯಾರನ್ನೇ ಅಳೆಯುವುದಿದ್ದರೂ ಅವರು ಎದ್ದು ಹೋಗುವ ತನಕ ಕಾಯುತ್ತಾಳೆ, ಆಮೇಲೆ ಅವರು ಕೂತಿದ್ದ ಕುರ್ಚಿ ನೋಡುತ್ತಾಳೆ.

ಅದೇ ಅವಳ ಕಸುಬು. ಕುರ್ಚಿ, ಸೋಫಾ, ಗಾಡಿಗಳ ಸೀಟು, ಏನೇ ಹರಿದು ಬಂದರೂ ಬಿಚ್ಚಿ, ಹೊಸ ಸ್ಪಂಜು ತುಂಬಿ, ಮೇಲೆ ರೆಕ್ಸಿನ್ನೋ ಬಟ್ಟೆಯೋ ಹೊಲಿದು ಕೊಡುವುದು. ಅಪ್ಪನಿಂದ ಬಂದ ಅಂಗಡಿ. ಬೀದಿಗೆ ಬಾಯಿ ತೆರೆದ ಉದ್ದನೆಯ ಕೋಣೆಯಲ್ಲಿ ಹೊಟ್ಟೆ ಬಿಚ್ಚಿಸಿಕೊಂಡ ಸೋಫಾಗಳು, ಕಾಲು ಮೇಲೆ ಮಾಡಿ ಮಲಗಿದ ಕುರ್ಚಿಗಳು, ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು. ಮೂಲೆಯಲ್ಲಿ ಅಪ್ಪನ ಕಾಲದ ಹೊಲಿಗೆ ಯಂತ್ರ. ಅದು ಓಡಲು ಶುರುವಿಟ್ಟರೆ ಪಕ್ಕದ ಅಂಗಡಿಯವರು ಫೋನು ಹಿಡಿದು ಬೀದಿಗೆ ಬರಬೇಕು. ನಡುವೆ ಕುರ್ಚಿಯಕ್ಕ, ಬಾಯಲ್ಲಿ ಮೊಳೆ, ಕೈಯಲ್ಲಿ ದಬ್ಬಳ. ಅವಳ ಸ್ವಂತ ಹೆಸರನ್ನು ಗಂಡ ಮಾತ್ರ ಬಳಸುತ್ತಾನೆ, ಅದೂ ಜಗಳ ಆಡುವಾಗ.

ಆ ಗಂಡ ಸಿಕ್ಕಿದ್ದೂ ಕುರ್ಚಿಯಿಂದಲೇ. ಸ್ಕೂಲ್ ವ್ಯಾನು ಓಡಿಸುವ ಅವನು ಒಂದು ದಿನ ಡ್ರೈವರ್ ಸೀಟನ್ನು ಹೊತ್ತು ಅಂಗಡಿಗೆ ಬಂದಿದ್ದ. ಅವಳು ಸೀಟನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮಗೆ ಬಲಗಡೆ ಸೊಂಟ ನೋವಲ್ವಾ?" ಎಂದಳು.

"ಇಲ್ವಲ್ಲ."

"ಇದೆ. ನಿಮಗೆ ಗೊತ್ತಾಗಿಲ್ಲ ಅಷ್ಟೇ."

ಅವಳು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಸೊಂಟವಾದರೂ ಏನು ಮಾಡೀತು? ಮನೆ ಮುಟ್ಟುವುದರೊಳಗೆ ನೋಯತೊಡಗಿತು. ನೋವಿನ ನೆಪದಲ್ಲಿ ಅವನು ಮತ್ತೆ ಮತ್ತೆ ಬಂದ, ಮದುವೆಯೂ ಆಯಿತು. ಸೀಟಿನ ಬಲಗಡೆ ಗುಂಡಿ ಬಿದ್ದಿದ್ದು ಸೊಂಟದಿಂದಲ್ಲ, ಹಿಂಜೇಬಿನ ದಪ್ಪ ಪರ್ಸಿನಿಂದ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಗಂಡ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಅವಳು ಜಪ್ಪಯ್ಯ ಎಂದರೂ ಒಪ್ಪುವುದಿಲ್ಲ. "ಕುರ್ಚಿ ಸುಳ್ಳು ಹೇಳಲ್ಲ ರೀ. ನೀವು ಪರ್ಸ್ ಇಟ್ಕೊಂಡು ಅದರ ಕೈಲಿ ಸುಳ್ಳು ಹೇಳಿಸಿದ್ರಿ."

ಇಂಥ ಕುರ್ಚಿಯಕ್ಕ ಬಸುರಿಯಾದಳು. ಮನೆಯಲ್ಲಿ ಸಂತೋಷ ಬಂತು, ಅದರ ಬೆನ್ನಿಗೇ ತಕರಾರೂ ಬಂತು. ತೋರಿಸಿಕೊಳ್ಳುವುದು ಯಾವ ಡಾಕ್ಟರ ಹತ್ತಿರ?

ಅತ್ತೆಯದು ಒಂದೇ ಹಟ, ಕೈಗುಣ. "ಓದೋದು ಎಲ್ರೂ ಓದ್ತಾರೆ ಕಣೇ. ಕೈಗುಣ ಎಲ್ರಿಗೂ ಬರುತ್ತಾ? ನಮ್ಮ ದೊಡ್ಡ ಡಾಕ್ಟರಮ್ಮ ಹಾಗೆ ಮುಟ್ಟಿದ್ರೆ ಸಾಕು, ಮಗು ತಾನಾಗೇ ದಾರಿ ಹುಡುಕ್ಕೊಂಡು ಬರುತ್ತೆ. ಇವನು ಹುಟ್ಟಿದ್ದು ಅವರ ಕೈಯಲ್ಲೇ, ನೋಡು ಹೇಗಿದಾನೆ!" ಎಂದು ಮಗನ ಕಡೆ ಕೈ ತೋರಿಸುತ್ತಿದ್ದರು. ಕೈಗುಣಕ್ಕೆ ಸಾಕ್ಷಿಯಾದ ಮಗ ಬಾಯಿ ಅರ್ಧ ತೆರೆದುಕೊಂಡು ಫೋನಿನಲ್ಲಿ ಮುಳುಗಿರುತ್ತಿದ್ದ.

ಮುಳುಗಿ ಅವನು ಎಣಿಸುತ್ತಿದ್ದದ್ದು ಸ್ಟಾರು. ಊರಾಚೆ ಹೊಸದಾಗಿ ಎದ್ದು ನಿಂತ, ಮೈತುಂಬ ಗಾಜು ಹೊದ್ದ ಆಸ್ಪತ್ರೆಯ ಮೇಲೆ ಅವನಿಗೆ ಮನಸ್ಸು. "ಎಷ್ಟು ಜನ ಸ್ಟಾರ್ ಕೊಟ್ಟಿದಾರೆ ನೋಡೇ. ಲಿಫ್ಟ್ ಇದೆ. ವ್ಯಾನ್ ನಿಲ್ಸೋಕೆ ನೆಲದಡಿ ದೊಡ್ಡ ಜಾಗ ಇದೆ."

"ಹೆರೋದು ವ್ಯಾನಲ್ಲ ರೀ, ನಾನು" ಎಂದಳು ಕುರ್ಚಿಯಕ್ಕ. "ನಾನೇ ನೋಡಿ ಹೇಳ್ತೀನಿ, ಸುಮ್ನಿರಿ ಇಬ್ರೂ."

ಏನನ್ನು ನೋಡುತ್ತಾಳೆ ಎಂದು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳು ಒಮ್ಮೆ ಬಸುರಿಯಾಗಿದ್ದಳು. ಐದನೇ ತಿಂಗಳಲ್ಲಿ ಒಂದು ದಿನ ಬೇರೊಬ್ಬ ಡಾಕ್ಟರ ಎದುರು ಕೂತು, "ಯಾಕೋ ಸರಿಯಿಲ್ಲ ಅನ್ನಿಸ್ತಿದೆ" ಎಂದಿದ್ದಳು. ಎಲ್ಲಿ, ಏನು, ಹೇಗೆ ಎಂದು ಬಿಡಿಸಿ ಹೇಳಲು ಅವಳಿಗೇ ಗೊತ್ತಿರಲಿಲ್ಲ. ಬರೆಯುತ್ತಿದ್ದ ಡಾಕ್ಟರು ತಲೆಯನ್ನೂ ಎತ್ತದೆ "ಎಲ್ಲಾ ನಾರ್ಮಲ್" ಎಂದಿದ್ದರು. ಅವಳು ಎದ್ದು ಬಂದಿದ್ದಳು. ಆ ವಾರವೇ ಮಗು ಹೋಯಿತು. ಯಾರ ತಪ್ಪೂ ಅಲ್ಲ ಎಂದು ಎಲ್ಲರೂ ಹೇಳಿದರು, ಇರಬಹುದು ಎಂದು ಅವಳೂ ತಲೆಯಾಡಿಸಿದಳು. ಆದರೆ ಗೇಣುದ್ದ ರೆಕ್ಸಿನ್ನಿಗಾಗಿ ಬೀದಿಯಲ್ಲಿ ನಿಂತು ಗಂಟಲು ಹರಿದುಕೊಳ್ಳುವ ತಾನು ಅವತ್ತು ಆ ಮಾತನ್ನು ಇನ್ನೊಂದು ಸಲ ಯಾಕೆ ಹೇಳಲಿಲ್ಲ ಎಂಬುದು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಈಗ ಅವಳಿಗೆ ಕೈಗುಣವೂ ಬೇಡ, ಸ್ಟಾರೂ ಬೇಡ. ಅದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂದರೆ ಅದನ್ನು ಕಿವಿಗೆ ಹಾಕಿಕೊಳ್ಳುವ ಒಬ್ಬರು ಬೇಕು. ಐದನೇ ತಿಂಗಳು ಬರುವುದರೊಳಗೆ ಬೇಕು.

ಅಂಥವರನ್ನು ಹುಡುಕಲು ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ, ಕುರ್ಚಿ.

ಮೊದಲು ಅತ್ತೆಯ ಸರದಿ. ದೊಡ್ಡ ಡಾಕ್ಟರಮ್ಮ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಕೂತಿದ್ದರು ಎನ್ನುವುದಕ್ಕಿಂತ ಹುದುಗಿದ್ದರು ಎನ್ನಬೇಕು. ಬೆತ್ತ ಅಷ್ಟು ಆಳಕ್ಕೆ ತಗ್ಗಿತ್ತು. ಅವರು ಮೊದಲು ವಿಚಾರಿಸಿದ್ದು ಅತ್ತೆಯ ಮೊಣಕಾಲನ್ನು. ಮೊಣಕಾಲಿಂದ ಮಾತು ಸೊಂಟಕ್ಕೆ ಹೋಯಿತು, ಸೊಂಟದಿಂದ ನಿದ್ದೆಗೆ, ನಿದ್ದೆಯಿಂದ ಈಗಿನ ಕಾಲದ ಸೊಸೆಯರಿಗೆ. ಕೊನೆಗೂ ಈಗಿನ ಕಾಲದ ಸೊಸೆಯ ಮಣಿಕಟ್ಟು ಹಿಡಿದು ಡಾಕ್ಟರಮ್ಮ ಕಣ್ಣು ಮುಚ್ಚಿದರು.

"ನೋಡು, ಹೇಗೆ ಧ್ಯಾನದಲ್ಲಿ ನೋಡ್ತಾರೆ!" ಅತ್ತೆ ಪಿಸುಗುಟ್ಟಿದರು.

ಸ್ವಲ್ಪ ಹೊತ್ತಿಗೆ ಧ್ಯಾನದೊಳಗಿಂದ ಸಣ್ಣದೊಂದು ಗೊರಕೆ ಬಂತು.

ಅತ್ತೆ ಕೆಮ್ಮಿದ ಮೇಲೆ ಎಚ್ಚರವಾದ ಡಾಕ್ಟರಮ್ಮ ನಾಚಿಕೊಂಡು ನಕ್ಕರು. "ನಾನು ಹೆರಿಗೆ ಮಾಡ್ಸೋದು ಬಿಟ್ಟು ಎಷ್ಟೋ ಕಾಲ ಆಯ್ತಮ್ಮ. ಇವರು ಇಷ್ಟು ದೂರ ಕರ್ಕೊಂಡು ಬಂದಿದಾರಲ್ಲ ಅಂತ ದಾಕ್ಷಿಣ್ಯಕ್ಕೆ ನಾಡಿ ಹಿಡಿದೆ. ಬೇರೆ ಯಾರನ್ನಾದ್ರೂ ನೋಡ್ಕೊ, ತಡ ಮಾಡ್ಬೇಡ." ಕುರ್ಚಿಯಕ್ಕನಿಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ಬೆತ್ತದ ಕುರ್ಚಿಗೆ ತಾನೇ ಒಂದು ಮೆತ್ತೆ ಹೊಲಿದು ಕಳಿಸುತ್ತೇನೆ ಎಂದು ಹೇಳಿ ಎದ್ದಳು. ಅತ್ತೆ ದಾರಿಯುದ್ದಕ್ಕೂ, "ಗೊರಕೆ ಹೊಡೆದ್ರೇನು, ಕೈಗುಣ ಎಲ್ಲಿಗೆ ಹೋಗುತ್ತೆ" ಎಂದು ಗೊಣಗಿದರು.

ಆಮೇಲೆ ಗಾಜಿನ ಆಸ್ಪತ್ರೆ. ಗಂಡ ವ್ಯಾನನ್ನು ನೆಲದಡಿ ಇಳಿಸಿ, ಗೆದ್ದವನ ಹಾಗೆ ಮುಂದೆ ನಡೆದ. ಒಳಗೆ ಎಲ್ಲ ತಣ್ಣಗೆ, ನುಣ್ಣಗೆ ಇತ್ತು. ಡಾಕ್ಟರು ಚೆಲುವೆ, ಮಾತು ಬೆಣ್ಣೆ. ತಿರುಗುವ ಕುರ್ಚಿಯಲ್ಲಿ ಕೂತು ಕಂಪ್ಯೂಟರಿನ ಕಡೆ ಮುಖ ಮಾಡಿ, "ವಾಂತಿ ಇದೆಯಾ? ತಲೆಸುತ್ತು? ನಿದ್ದೆ ಬರುತ್ತಾ?" ಎಂದು ಒಂದರ ಮೇಲೊಂದು ಕೇಳಿದರು. ಕೇಳುತ್ತಿರುವುದು ತನ್ನನ್ನೋ ಕಂಪ್ಯೂಟರನ್ನೋ ಎಂದು ಕುರ್ಚಿಯಕ್ಕನಿಗೆ ಅನುಮಾನವಾಯಿತು. ಅವರು ಏನೋ ತರಲು ಎದ್ದ ಕೂಡಲೇ ಅವಳು ಕತ್ತು ಚಾಚಿ ಕುರ್ಚಿ ನೋಡಿದಳು. ಕಂಪ್ಯೂಟರಿನ ಕಡೆಯ ಕೈ ಸವೆದು ಬಿಳಚಿಕೊಂಡಿತ್ತು. ಪೇಷಂಟಿನ ಕಡೆಯ ಕೈ ನಿನ್ನೆ ಅಂಗಡಿಯಿಂದ ತಂದ ಹಾಗೆ ಮಿರಮಿರ ಎನ್ನುತ್ತಿತ್ತು.

"ಎಲ್ಲಾ ನಾರ್ಮಲ್" ಎಂದರು ಡಾಕ್ಟರು ಹಿಂದಿರುಗಿ, ಕಂಪ್ಯೂಟರಿಗೆ.

ಕುರ್ಚಿಯಕ್ಕನಿಗೆ ಅಷ್ಟೇ ಸಾಕಾಯಿತು. ಅವಳು ಗಂಡನ ತೋಳು ಹಿಡಿದು ಎದ್ದಳು. ಲಿಫ್ಟಿನಲ್ಲಿ ಅವನು, "ಹೇಗಿತ್ತು?" ಎಂದ.

"ವ್ಯಾನ್ ನಿಲ್ಸೋ ಜಾಗ ಚೆನ್ನಾಗಿತ್ತು" ಎಂದಳು.

ಮೂರನೆಯದು ಯಾರೂ ಹೇಳಿದ್ದಲ್ಲ. ಪೇಟೆಯಲ್ಲಿ ದಾರ ತರಲು ಹೋದಾಗ ಪುಸ್ತಕ-ಪೆನ್ನಿನ ಅಂಗಡಿಯ ಮೇಲುಗಡೆ ಹೆರಿಗೆ ಡಾಕ್ಟರ ಬೋರ್ಡು ಕಂಡಿತು. ಜೊತೆಗೆ ಅತ್ತೆ ಇದ್ದರು. "ನೋಡೇಬಿಡೋಣ" ಎಂದು ಇಬ್ಬರೂ ಕಡಿದಾದ ಮೆಟ್ಟಿಲು ಹತ್ತಿದರು. ಮೇಲೆ ಸಣ್ಣ ಹಜಾರ, ಗೋಡೆಗಂಟಿಕೊಂಡ ಬೆಂಚು, ಬೆಂಚಿನ ತುಂಬ ಹೊಟ್ಟೆ ಹೊತ್ತ ಹೆಂಗಸರು. ಅಲ್ಲಿನ ನರ್ಸಿನದು ಗಂಟಲೆಂದರೆ ಗಂಟಲು. "ಮೇಡಂ! ಮುಂದಿನವರನ್ನ ಕಳಿಸ್ಲಾ?" ಎಂದು ಅವಳು ಕೂಗಿದರೆ ಕೆಳಗಡೆ ಪೆನ್ನು ಕೊಳ್ಳುತ್ತಿದ್ದವರು ಮೇಲೆ ನೋಡಬೇಕು. ಒಳಗಿಂದ ಒಬ್ಬ ಬಸುರಿಯೂ ಅಷ್ಟೇ ಜೋರಾಗಿ, "ಎರಡು ದಿನದಿಂದ ಮಲಬದ್ಧತೆ!" ಎಂದು ಕೂಗುತ್ತಿದ್ದಳು.

'ಇದೇನು ಆಸ್ಪತ್ರೆಯೋ ಜಗಳದ ಕಟ್ಟೆಯೋ' ಎಂದು ಕುರ್ಚಿಯಕ್ಕ ಮೂಗು ಮುರಿದಳು.

ಅವಳ ಸರದಿ ಬಂದಾಗ ಡಾಕ್ಟರು ಪಕ್ಕದ ಕೋಣೆಯಲ್ಲಿ ಯಾರನ್ನೋ ನೋಡುತ್ತಿದ್ದರು. ನರ್ಸು ಇವಳನ್ನು ಒಳಗೆ ಕೂರಿಸಿ ಹೋದಳು. ಎದುರಿಗೆ ಡಾಕ್ಟರ ಖಾಲಿ ಕುರ್ಚಿ. ಕುರ್ಚಿಯಕ್ಕನಿಗೆ ಇನ್ನೇನು ಬೇಕು? ಎದ್ದು ಹೋಗಿ ಬಗ್ಗಿ ನೋಡಿದಳು. ಬೆನ್ನು ಒರಗುವ ಜಾಗಕ್ಕೆ ಬೆನ್ನೇ ತಾಗಿದ ಹಾಗಿರಲಿಲ್ಲ. ಸೀಟಿನ ಹಿಂದಿನ ಅರ್ಧ ಹೊಸದರಂತಿತ್ತು. ಮುಂದಿನ ಅಂಚು ಮಾತ್ರ ಹರಿದು ಚಿಂದಿಯಾಗಿ, ಒಳಗಿನ ಸ್ಪಂಜು ನಾಲಿಗೆ ಚಾಚಿತ್ತು.

ಅವಳಿಗೆ ಎಲ್ಲ ಅರ್ಥವಾಗಿಹೋಯಿತು. ಈಕೆ ಕುರ್ಚಿಯಲ್ಲಿ ಕೂರುವವಳೇ ಅಲ್ಲ. ಅಂಚಿಗೆ ತಾಗಿಸಿಕೊಂಡು, ಯಾವಾಗ ಎದ್ದೇನು, ಯಾವಾಗ ಓಡೇನು ಎಂದು ಕಾಯುವವಳು. ಹೇಳುವ ಮಾತು ಮುಗಿಯುವ ಮೊದಲೇ ಬಾಗಿಲಲ್ಲಿರುವವಳು. ಮುಖ ನೋಡುವ ಗೊಡವೆಯೂ ಬೇಡವೆಂದು ಕುರ್ಚಿಯಕ್ಕ ಕಾಲಿಗೆ ಬುದ್ಧಿ ಹೇಳಿದಳು. "ಒಲೆ ಆರಿಸದೇ ಬಂದುಬಿಟ್ಟಿದೀನಿ!" ಎಂದು ನರ್ಸಿಗೆ ಹೇಳಿ, ಹಜಾರದಲ್ಲಿ ಎಲ್ಲರ ಜೊತೆ ನೆಂಟಸ್ತನ ಬೆಳೆಸಿ ಕೂತಿದ್ದ ಅತ್ತೆಯನ್ನು ಎಬ್ಬಿಸಿಕೊಂಡು ಮೆಟ್ಟಿಲಿಳಿದಳು.

"ಒಲೆ ನಾನೇ ಆರಿಸಿದ್ನಲ್ಲೇ" ಎಂದರು ಅತ್ತೆ ಬೀದಿಯಲ್ಲಿ.

"ಗೊತ್ತು ಅತ್ತೆ. ನಡೀರಿ."

ದಿನ ನಿಲ್ಲುತ್ತದೆಯೇ? ಹೊಟ್ಟೆ ಮುಂದೆ ಬಂತು, ಯಂತ್ರದ ಮುಂದಿನ ಸ್ಟೂಲು ಹಿಂದೆ ಹೋಯಿತು. ಐದನೇ ತಿಂಗಳು ಹತ್ತಿರವಾದಂತೆ ಅವಳ ಮಾತು ಕಡಿಮೆಯಾಯಿತು, ಸುತ್ತಿಗೆಯ ಸದ್ದು ಜಾಸ್ತಿಯಾಯಿತು. ಕೊನೆಗೆ ಗಂಡನ ವರಾತ ತಡೆಯಲಾರದೆ ಗಾಜಿನ ಆಸ್ಪತ್ರೆಗೇ ಹೂಂ ಅಂದಳು. ಎಲ್ಲೂ ತೋರಿಸದೆ ಇರುವುದಂತೂ ಆಗದ ಮಾತು ಎಂಬಷ್ಟು ಬುದ್ಧಿ ಅವಳಿಗಿತ್ತು. ಬರುವ ವಾರ ಹೋಗುವುದೆಂದು ನಿಶ್ಚಯವಾಯಿತು.

ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಗಾಡಿ ನಿಂತು, ಗಂಟಲಿನ ನರ್ಸು ಇಳಿದಳು. ಹಿಂದೆಯೇ ಅದೇ ಕುರ್ಚಿ ಇಳಿಯಿತು.

"ನಿಮ್ಮತ್ತೆ ಹೇಳಿದ್ರು, ನಮ್ಮ ಸೊಸೆ ಥರ ಸೀಟು ಹೊಲಿಯೋರು ಈ ಪೇಟೇಲೇ ಇಲ್ಲ ಅಂತ!" ಎಂದು ನರ್ಸು ಬೀದಿಗೆಲ್ಲ ಸಾರಿದಳು. ಮನೆಯಲ್ಲಿ ಎಂದೂ ಹೊಗಳದ ಅತ್ತೆ ಊರಿನ ಬೆಂಚುಗಳ ಮೇಲೆ ಕೂತು ತನ್ನನ್ನು ಹೊಗಳುತ್ತಾರೆಂದು ಕುರ್ಚಿಯಕ್ಕನಿಗೆ ಅವತ್ತೇ ತಿಳಿದದ್ದು. ಖುಷಿಯಾಯಿತು. ಆದರೆ ಕುರ್ಚಿ ನೋಡಿ ಸಿಟ್ಟೂ ಬಂತು.

ಸಿಟ್ಟನ್ನೆಲ್ಲ ಸ್ಪಂಜಿಗೆ ಹಾಕಿದಳು. ಸೀಟನ್ನು ಪೂರ್ತಿ ಬಿಚ್ಚಿ, ಮುಂದುಗಡೆ ಗಟ್ಟಿ ಸ್ಪಂಜಿನ ದಪ್ಪ ಪಟ್ಟಿ ಇಟ್ಟು ಎತ್ತರ ಮಾಡಿದಳು, ಹಿಂದುಗಡೆ ಮೆತ್ತನೆಯದು ಹಾಕಿ ತಗ್ಗು ಮಾಡಿದಳು. ಅಂಚಿನಲ್ಲಿ ಕೂತವರು ಜಾರಿ ತಾವಾಗಿ ಹಿಂದೆ ಹೋಗಬೇಕು, ಹೋದವರು ಸುಲಭಕ್ಕೆ ಎದ್ದು ಬರಬಾರದು. "ಇನ್ನು ಓಡಮ್ಮ, ನೋಡೋಣ" ಎಂದು ಕೊನೆಯ ಮೊಳೆ ಹೊಡೆದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ತನಗಂತೂ ಆಗಲಿಲ್ಲ, ಬೆಂಚಿನ ಮೇಲಿದ್ದ ಆ ಹೆಂಗಸರ ಮಾತನ್ನಾದರೂ ಈಕೆ ಕೂತು ಕೇಳಲಿ ಎಂಬ ಪುಣ್ಯದ ಆಸೆಯೂ ಅದರಲ್ಲಿ ಸ್ವಲ್ಪ ಇತ್ತು.

ಹೊಸ ಕುರ್ಚಿ ಹೋದಷ್ಟೇ ಬೇಗ ವಾಪಸ್ಸು ಬಂತು. ಈ ಸಲ ನರ್ಸಿನ ಜೊತೆಗೆ ಡಾಕ್ಟರೇ ಬಂದರು. ಕುರ್ಚಿಯಕ್ಕನ ವಾರಿಗೆಯವರೇ, ಸಣಕಲು ಮೈ, ಕಿವಿಯ ಮೇಲೆ ಪೆನ್ನು.

"ಕೂತ್ಕೊಳ್ಳಿ" ಎಂದು ಕುರ್ಚಿಯಕ್ಕ ಸ್ಟೂಲು ಕೊಟ್ಟು, ತಾನೂ ಎದುರಿಗೆ ಇನ್ನೊಂದರಲ್ಲಿ ಕೂತಳು. ಡಾಕ್ಟರು ಕೂತರು, ಕೂತವರು ಸ್ಟೂಲಿನ ಸಮೇತ ಮುಂದಕ್ಕೆ ಬಂದರು. ಕುರ್ಚಿಯಕ್ಕ ಸ್ವಲ್ಪ ಹಿಂದೆ ಸರಿದಳು. ಡಾಕ್ಟರು ಮತ್ತೆ ಮುಂದೆ ಬಂದರು. ಇವಳು ಮತ್ತೆ ಹಿಂದೆ. ಹೀಗೇ ಹೋಗಿ ಹೋಗಿ ಅವಳ ಬೆನ್ನಿಗೆ ಹೊಲಿಗೆ ಯಂತ್ರ ತಾಗಿತು, ಇನ್ನು ಹೋಗಲು ಜಾಗವಿರಲಿಲ್ಲ. ಡಾಕ್ಟರ ಮೊಣಕಾಲು ಅವಳ ಮೊಣಕಾಲಿಗೆ ತಗಲುವಷ್ಟು ಹತ್ತಿರ ಬಂದು ನಿಂತಿತು.

"ಹೊಲಿಗೆಯಲ್ಲಿ ಏನಾದ್ರೂ ತಪ್ಪಾಯ್ತಾ?" ಎಂದಳು ಕುರ್ಚಿಯಕ್ಕ, ತಗ್ಗಿದ ದನಿಯಲ್ಲಿ.

"ಆಂ? ಇನ್ನೊಂದ್ಸಲ ಹೇಳಿ." ಡಾಕ್ಟರು ಬಲಗಿವಿಯನ್ನು ಅವಳ ಬಾಯಿಗೆ ಒಡ್ಡಿದರು. "ನನಗೆ ಎಡಗಿವಿ ಚಿಕ್ಕಂದಿನಿಂದ ಕೇಳ್ಸಲ್ಲ, ಬಲಗಿವೀನೂ ಸ್ವಲ್ಪ ಮಂದ. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಫ್ಯಾನಿನ ಸದ್ದೇ ಜೋರಾಗಿ ಕೇಳುತ್ತೆ. ಹತ್ರ ಕೂತ್ರೆ ಸರಿ. ಅದಕ್ಕೇ ಯಾವಾಗ್ಲೂ ಕುರ್ಚಿ ಅಂಚಲ್ಲಿ ಕೂತು ಪೇಷಂಟಿನ ಮುಖದ ಹತ್ರಾನೇ ಇರ್ತೀನಿ. ಈಗ ನಿಮ್ಮ ಕುರ್ಚಿ ನನ್ನ ಹಿಂದಕ್ಕೆ ಎಳ್ಕೊಂಡ್ಬಿಡುತ್ತೆ! ಮೊನ್ನೆ ಒಬ್ಬಾಕೆ, ಬೆಳಗ್ಗೆ ಎದ್ದ ಕೂಡ್ಲೇ ವಾಂತಿ ಅಂದ್ಲು. ನನಗೆ ಶಾಂತಿ ಅಂತ ಕೇಳಿಸ್ತು. ತುಂಬಾ ಒಳ್ಳೇದಮ್ಮ, ಹೆರಿಗೆ ಆಗೋ ತನಕ ಹೀಗೇ ಇರ್ಲಿ ಅಂದೆ. ಪಾಪ, ಅತ್ತೇಬಿಟ್ಲು!"

ಬಾಗಿಲಲ್ಲಿದ್ದ ನರ್ಸು ಬಿದ್ದು ಬಿದ್ದು ನಕ್ಕಳು. ಕುರ್ಚಿಯಕ್ಕನಿಗೆ ನಗು ಬರಲಿಲ್ಲ. ಆ ಕೂಗಾಟ, ಆ ಹರಿದ ಅಂಚು, ಎಲ್ಲ ಒಟ್ಟಿಗೆ ಅವಳ ತಲೆಯಲ್ಲಿ ತಿರುಗಿ ಬಿದ್ದವು. ಓಡಿಹೋಗಲೆಂದು ಅಂಚಿಗೆ ಬಂದ ಕುರ್ಚಿಯಲ್ಲ ಅದು, ಕೇಳಿಸಿಕೊಳ್ಳಲು ಮುಂದೆ ಬಂದ ಕುರ್ಚಿ. ಅವಳ ಮುಖ ಕೆಂಪಾಯಿತು. ಗಂಡನ ಪರ್ಸು ನೆನಪಾಗಿ ಇನ್ನಷ್ಟು ಕೆಂಪಾಯಿತು.

"ತಪ್ಪಾಗಿದ್ದಲ್ಲ ಡಾಕ್ಟ್ರೇ" ಎಂದಳು, ಈ ಸಲ ಜೋರಾಗಿ. "ಬೇಕಂತ್ಲೇ ಮಾಡಿದ್ದು. ನೀವು ಯಾವಾಗ್ಲೂ ಓಡೋ ಅವಸರದಲ್ಲಿರ್ತೀರಿ ಅಂದ್ಕೊಂಡೆ. ಹೊಟ್ಟೆಗೆ ಹಾಕ್ಕೊಳ್ಳಿ."

ಡಾಕ್ಟರು ಅವಳ ಹೊಟ್ಟೆಯನ್ನೇ ನೋಡಿದರು, ಆಮೇಲೆ ಮುಖ ನೋಡಿದರು. "ಒಲೆ ಆರಿಸದೇ ಬಂದಿದ್ರು ಅಂತ ನರ್ಸ್ ಹೇಳಿದ್ದು ನಿಮ್ಮನ್ನೇ ಅಲ್ವಾ? ಆರಿಸಿದ್ರಾ?"

ಈಗ ಅವಳಿಗೆ ನಗು ಬಂತು. ನಗು ಬಂದದ್ದೇ ತಪ್ಪಾಯಿತು, ಅದರ ಹಿಂದೆ ಅಳುವೂ ಬಂತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಹರಿದ ಸೋಫಾಗಳ ನಡುವೆ ಕೂತು ಹೇಳಿದಳು. ಅರ್ಧಂಬರ್ಧ ಕೇಳಿದಲ್ಲೆಲ್ಲ ಡಾಕ್ಟರು "ಆಂ?" ಎನ್ನುತ್ತಿದ್ದರು, ಅವಳು ಮತ್ತೆ ಹೇಳುತ್ತಿದ್ದಳು. ಹಾಗಾಗಿ ಅತಿ ಕಷ್ಟದ ಮಾತುಗಳನ್ನು ಎರಡೆರಡು ಸಲ ಹೇಳಿದ ಹಾಗಾಯಿತು. ಎರಡನೇ ಸಲ ಅವು ಅಷ್ಟು ಕಷ್ಟವಾಗಲಿಲ್ಲ.

ಎಲ್ಲ ಮುಗಿದ ಮೇಲೆ ಡಾಕ್ಟರು ಮಾತಾಡಿದರು. "ನೀವು ಅವತ್ತು ಇನ್ನೊಂದ್ಸಲ ಹೇಳಿದ್ರೆ ಮಗು ಉಳೀತಿತ್ತಾ? ನನಗೆ ಗೊತ್ತಿಲ್ಲ. ಉಳೀದೇನೂ ಇರ್ಬಹುದಿತ್ತು. ಆದ್ರೆ ಇನ್ನೊಂದ್ಸಲ ಹೇಳ್ಬೇಕಾಗಿದ್ದು ನೀವಲ್ಲ, ಇನ್ನೊಂದ್ಸಲ ಕೇಳ್ಬೇಕಾಗಿದ್ದು ಅವರು. ಅದನ್ನ ನಿಮ್ಮ ತಲೆ ಮೇಲೆ ಹೊತ್ಕೋಬೇಡಿ."

ಕುರ್ಚಿಯಕ್ಕ ಮುಖ ಒರೆಸಿಕೊಂಡಳು. ಆಮೇಲೆ, ಅಷ್ಟು ಸುಲಭಕ್ಕೆ ಮಣಿಯುವವಳಲ್ಲವಲ್ಲ, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಹೆರಿಗೆ ಎಲ್ಲಿ? ಹತ್ತಿರದ ದೊಡ್ಡಾಸ್ಪತ್ರೆಯಲ್ಲಿ, ಆಪರೇಷನ್ ಬೇಕಾದರೂ ಅಲ್ಲೇ. ಡಾಕ್ಟರು ಊರಲ್ಲಿಲ್ಲದಿದ್ದರೆ? ಇನ್ನೊಬ್ಬರಿದ್ದಾರೆ, ಮುಂಚೆಯೇ ಪರಿಚಯ ಮಾಡಿಸುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿದರೆ?

"ನನಗೆ ಮಾಡ್ಬೇಡಿ, ಕೇಳ್ಸಲ್ಲ. ಇವಳಿಗೆ ಮಾಡಿ" ಎಂದು ಡಾಕ್ಟರು ನರ್ಸನ್ನು ತೋರಿಸಿದರು. "ಇವಳು ನನ್ನನ್ನ ಎಬ್ಬಿಸ್ತಾಳೆ. ಇಡೀ ಬೀದೀನ ಎಬ್ಬಿಸ್ತಾಳೆ."

ಅವತ್ತೇ ಕುರ್ಚಿಯಕ್ಕ ಸೀಟನ್ನು ಮತ್ತೆ ಬಿಚ್ಚಿದಳು. ಮುಂದಂಚನ್ನು ತಗ್ಗಿಸಿ, ದುಂಡಗೆ ಮಾಡಿ, ಲಾರಿ ಸೀಟಿಗೆ ಹಾಕುವ ದಪ್ಪ ಬಟ್ಟೆಯನ್ನು ಎರಡು ಪದರ ಕೊಟ್ಟು ಹೊಲಿದಳು. ಎಷ್ಟು ಹೊತ್ತು ಬೇಕಾದರೂ ಅಂಚಿನಲ್ಲಿ ಕೂರಬಹುದಾದ ಕುರ್ಚಿ ಅದು. ಮನೆಗೆ ಬಂದು ಗಂಡನಿಗೆ ವಿಷಯ ಹೇಳಿ, ಇನ್ನು ತೋರಿಸಿಕೊಳ್ಳುವುದು ಈ ಡಾಕ್ಟರ ಹತ್ತಿರವೇ ಎಂದಳು, ಪರ್ಸಿನ ವಿಷಯದಲ್ಲೂ ತನ್ನದೇ ತಪ್ಪಿರಬಹುದು ಎಂದಳು. ಅವನಿಗೆ ಡಾಕ್ಟರ ವಿಷಯ ತಲೆಗೇ ಹೋಗಲಿಲ್ಲ. "ಇರಬಹುದು ಅಂದ್ಯಾ? ಇನ್ನೊಂದ್ಸಲ ಹೇಳು!" ಎಂದು ಮನೆ ತುಂಬ ಓಡಾಡಿದ. ಅತ್ತೆ ಮಾತ್ರ, "ಕಿವಿ ಕೇಳದ ಡಾಕ್ಟ್ರಂತೆ! ಹುಡುಕಿ ಹುಡುಕಿ ಕಿವುಡರನ್ನ ಹಿಡಿದ್ಲಲ್ಲಪ್ಪ" ಎಂದು ಹಣೆ ಚಚ್ಚಿಕೊಂಡರು.

ಐದನೇ ತಿಂಗಳು ಬಂತು. ಒಂದು ಮಧ್ಯಾಹ್ನ ಯಂತ್ರದ ಮುಂದೆ ಕೂತವಳು ಹೊಲಿಗೆ ಅರ್ಧಕ್ಕೆ ನಿಲ್ಲಿಸಿದಳು. ನೋವಿರಲಿಲ್ಲ, ಏನೂ ಇರಲಿಲ್ಲ. ಏನೂ ಇಲ್ಲದಿರುವುದೇ ಅವಳನ್ನು ಹೆದರಿಸಿತು. ಒಂದೆರಡು ದಿನದಿಂದ ಒಳಗೆ ಪುಳುಪುಳು ಎನ್ನುತ್ತಿದ್ದದ್ದು ಬೆಳಗಿನಿಂದ ಸುಮ್ಮನಿತ್ತು. ಷಟರ್ ಎಳೆದು, ಅತ್ತೆಯನ್ನು ಕರೆದುಕೊಂಡು ನಡೆದಳು. ದಾರಿಯಲ್ಲಿ ಅತ್ತೆ ಸೊಸೆಯ ಕೈಯನ್ನು ಬಿಡಲೇ ಇಲ್ಲ.

ಡಾಕ್ಟರು ಲಾರಿ ಬಟ್ಟೆಯ ಅಂಚಿನಲ್ಲಿ ಕೂತಿದ್ದರು. ಕುರ್ಚಿಯಕ್ಕ ಎದುರಿಗೆ ಕೂತಳು. ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದ ದನಿ ಕೈಕೊಟ್ಟಿತು.

"ಯಾಕೋ ಸರಿಯಿಲ್ಲ ಅನ್ನಿಸ್ತಿದೆ."

ತುಟಿಯಿಂದಾಚೆಗೆ ಹೋಗದಂಥ ಮಾತು. ಡಾಕ್ಟರು ಮುಂದೆ ಬಗ್ಗಿದರು. ಮೊಣಕಾಲು ಮೊಣಕಾಲಿಗೆ ತಾಗಿತು.

"ಆಂ? ಇನ್ನೊಂದ್ಸಲ ಹೇಳಿ."

ಕುರ್ಚಿಯಕ್ಕ ಉಸಿರು ತುಂಬಿಕೊಂಡು, ಹಜಾರದ ಬೆಂಚಿಗೂ ಕೆಳಗಿನ ಅಂಗಡಿಗೂ ಕೇಳುವ ಹಾಗೆ ಹೇಳಿದಳು: "ಯಾಕೋ ಸರಿಯಿಲ್ಲ ಅನ್ನಿಸ್ತಿದೆ!"

"ಬನ್ನಿ, ಮಲಗಿ. ನೋಡೋಣ" ಎಂದರು ಡಾಕ್ಟರು. ನಾರ್ಮಲ್ ಎನ್ನಲಿಲ್ಲ, ಹೆದರಬೇಡಿ ಎಂದೂ ಎನ್ನಲಿಲ್ಲ. ಹೊಟ್ಟೆಗೆ ತಣ್ಣನೆಯದೇನೋ ಬಳಿದು, ಎದೆಬಡಿತ ಕೇಳಿಸುವ ಸಣ್ಣ ಯಂತ್ರವನ್ನು ಹಿಡಿದರು. ಅದು ಖರ್ರ್ ಎಂದಿತು. ಡಾಕ್ಟರು ಅತ್ತ ಸರಿಸಿದರು, ಇತ್ತ ಸರಿಸಿದರು. ಖರ್ರ್. ಕುರ್ಚಿಯಕ್ಕ ಕಣ್ಣು ಮುಚ್ಚಿದಳು. ಡಾಕ್ಟರು ತಮ್ಮ ಕಿವಿಗೆ ಸಾಲದೆಂದು ಯಂತ್ರದ ಸದ್ದನ್ನು ಕೊನೆಯ ಮಟ್ಟಕ್ಕೆ ತಿರುಗಿಸಿ ಇನ್ನೊಂದು ಕಡೆ ಒತ್ತಿದರು.

ಆಗ ಬಂತು. ದಡದಡ ದಡದಡ ಎಂದು, ಅಪ್ಪನ ಕಾಲದ ಹೊಲಿಗೆ ಯಂತ್ರ ಪೂರ್ತಿ ವೇಗದಲ್ಲಿ ಓಡುವ ಹಾಗೆ, ಕೋಣೆ ತುಂಬಿ, ಬಾಗಿಲು ದಾಟಿ, ಹಜಾರಕ್ಕೆ ಹೋಯಿತು. ಹೊರಗಿನ ಬೆಂಚಿನ ಮೇಲೆ ಎಲ್ಲರೂ ಬಾಗಿಲ ಕಡೆ ಕತ್ತು ತಿರುಗಿಸಿದರು.

"ನನಗೆ ಚೆನ್ನಾಗಿ ಕೇಳಿಸ್ತು. ಚೆನ್ನಾಗಿದೆ, ನಿದ್ದೆ ಮಾಡ್ತಿತ್ತು ಅಂತ ಕಾಣುತ್ತೆ" ಎಂದರು ಡಾಕ್ಟರು. "ಈ ತಿಂಗಳಲ್ಲಿ ಅದರ ಆಟ ಒಂದಿನ ಗೊತ್ತಾಗುತ್ತೆ, ಒಂದಿನ ಗೊತ್ತಾಗಲ್ಲ. ಆದ್ರೆ ನಾಳೆ ಮತ್ತೆ ಹೀಗೇ ಅನ್ನಿಸಿದ್ರೆ ನಾಳೇನೂ ಬನ್ನಿ. ನಾಡಿದ್ದೂ ಬನ್ನಿ. ನಿಮಗೆ ಕೇಳಿಸ್ತಾ?"

ಕುರ್ಚಿಯಕ್ಕ ಮಲಗಿದಲ್ಲೇ ತಲೆಯಾಡಿಸಿದಳು. ಕಣ್ಣಿನ ಎರಡೂ ಕಡೆಯಿಂದ ನೀರಿಳಿದು ದಿಂಬು ಒದ್ದೆಯಾಯಿತು.

ಬಾಗಿಲು ಸ್ವಲ್ಪ ತೆರೆದು ಅತ್ತೆಯ ಮುಖ ಕಾಣಿಸಿತು. ಅದೂ ಒದ್ದೆಯಾಗಿತ್ತು. "ಕೈಗುಣ ಹೇಗೋ ಏನೋ, ಆಮೇಲೆ ನೋಡ್ಕೊಳ್ಳೋಣ" ಎಂದರು. "ಈ ಡಾಕ್ಟ್ರಿಗೆ ಕಿವಿಗುಣ ಇದೆ ಕಣೇ."

"ಆಂ? ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದು ಡಾಕ್ಟರು ಆ ಕಡೆ ತಿರುಗಿದರು.

ಅತ್ತೆ ಜೀವಮಾನವೆಲ್ಲ ಯಾರೂ ಕೇಳದೆಯೇ ಹೇಳಿಕೊಂಡು ಬಂದವರು. ಇನ್ನೊಂದು ಸಲ ಹೇಳಿ ಎಂದು ಅವರನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಬಂದು, ಸ್ಟೂಲು ಎಳೆದು ಕೂತು, ಮಗ ಹುಟ್ಟಿದಲ್ಲಿಂದ ಶುರುಮಾಡಿದರು. ಕೇಳುತ್ತಲೇ ಡಾಕ್ಟರ ಕೈ ಯಂತ್ರ ಆರಿಸಲು ಹೋಯಿತು.

"ಇನ್ನೊಂಚೂರು ಹೊತ್ತು ಇರ್ಲಿ ಡಾಕ್ಟ್ರೇ" ಎಂದಳು ಕುರ್ಚಿಯಕ್ಕ ಮಲಗಿದಲ್ಲಿಂದ.

ಯಾರಿಗೂ ಕೇಳಿಸಲಿಲ್ಲ. ಅವಳು ಇನ್ನೊಂದು ಸಲ ಹೇಳಿದಳು, ಜೋರಾಗಿ.